ಮಗನ ಪರವಾಗಿ ಬಂದವಳು

ಇಂಥ ಸಂಗತಿಗಳನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ ಬಂದು ಏನೋ ಕಂಡಂತಾಯಿತು, ಯಾರೋ ಕರೆದಂತಾಯಿತು ಎಂದು ಶುರು ಮಾಡಿದರೆ, ನಾನು ಮೊದಲು ಕೇಳುವುದು ನಿದ್ದೆ ಸರಿಯಾಗಿ ಆಗುತ್ತಿದೆಯೇ ಎಂದು. ಬ್ಯಾಡಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯನಾಗಿ ಕೂತವನಿಗೆ ಗಾಳಿ ಸೋಕಿದವರು, ಮೈಮೇಲೆ ಬಂದವರು, ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರು ಸಿಗುತ್ತಲೇ ಇರುತ್ತಾರೆ. ಅವರನ್ನು ಗದರಿಸುವ ಜಾತಿಯವನಲ್ಲ ನಾನು. ಎಲ್ಲವನ್ನೂ ಕೇಳಿಕೊಂಡು, ಬಿಪಿ ನೋಡಿ, ಅವರಿಗಿರುವ ಕಾಯಿಲೆಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ಗುಳಿಗೆ ಬರೆಯುತ್ತೇನೆ. ಕಾಯಿಲೆಗೆ ಹೆಸರು ಸಿಕ್ಕ ಮೇಲೆ ದೆವ್ವಕ್ಕೆ ಅಲ್ಲಿ ಕೆಲಸವಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಈಗಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಗೆ ಮಾತ್ರ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಓದಿದ ಮೇಲೆ ನೀವು ನನಗೂ ನಿದ್ದೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಬಹುದು. ಕೇಳಿ, ಬೇಜಾರಿಲ್ಲ. ಆ ದಿನಗಳಲ್ಲಿ ಸರಿಯಾಗಿ ಆಗುತ್ತಿರಲಿಲ್ಲ ಎಂಬುದೂ ನಿಜವೇ.

ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕೇಂದ್ರ ಇರುವುದು ಕದರಮಂಡಲಗಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಆ ಘಾಟಿಗೆ ಊರಿಗೆ ಊರೇ ಕೆಮ್ಮುತ್ತದೆ. ಇರುವವನು ಒಬ್ಬನೇ ವೈದ್ಯ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸಾಲು ಗೇಟಿನವರೆಗೆ ಬಂದಿರುತ್ತದೆ. ನಡುವೆ ಹೆರಿಗೆ ಬಂದರೆ ಎಲ್ಲರನ್ನೂ ಬಿಟ್ಟು ಒಳಗೆ ಓಡಬೇಕು. ಜಿಲ್ಲೆಯಿಂದ ಮೀಟಿಂಗ್ ಬಂದರೆ ಫೋನಿನಲ್ಲಿ ಮುಖ ತೋರಿಸುತ್ತಲೇ ಚೀಟಿ ಬರೆಯಬೇಕು. ಒಬ್ಬೊಬ್ಬ ರೋಗಿಗೆ ಸಿಗುವುದು ಒಂದೆರಡು ನಿಮಿಷ, ಅಷ್ಟೇ. ಅದರಲ್ಲೇ ಮನಸ್ಸಿನ ಕಾಯಿಲೆಯನ್ನೂ ನೋಡಬೇಕೆಂದು ಧಾರವಾಡಕ್ಕೆ ಕರೆಸಿ ನಮಗೆಲ್ಲ ತರಬೇತಿ ಕೊಟ್ಟಿದ್ದರು. ತರಬೇತಿ ಒಳ್ಳೆಯದೇ ಇತ್ತು. ಆದರೆ ನಮ್ಮ ಕಡೆ ಮನಸ್ಸಿನ ಕಾಯಿಲೆ ಮನಸ್ಸಿನ ಹೆಸರು ಹೇಳಿಕೊಂಡು ಬರುವುದಿಲ್ಲ. ಎದಿ ಉರೀತೈತಿ, ತಲಿ ಭಾರ, ಕೈಕಾಲು ಸೆಳೀತಾವ ಎಂದು ಬರುತ್ತದೆ. ಬಂದು ಒಂದು ಸೂಜಿ ಮಾಡಿ ಕಳಿಸಿರಿ ಎನ್ನುತ್ತದೆ.

ಇನ್ನೊಂದು ಪದ್ಧತಿ ನಮ್ಮಲ್ಲಿದೆ. ಎದುರಿಗೆ ಕೂತವರೇ ರೋಗಿ ಎಂದು ತಿಳಿಯುವ ಹಾಗಿಲ್ಲ. ಸೊಸೆಯ ಕೆಮ್ಮಿಗೆ ಅತ್ತೆ ಬರುತ್ತಾಳೆ, ಗಂಡನ ಬೆನ್ನುನೋವಿಗೆ ಹೆಂಡತಿ ಬರುತ್ತಾಳೆ, ಹೊಲಕ್ಕೆ ಹೋದವರ, ಬರಲು ನಾಚುವವರ, ಆಸ್ಪತ್ರೆ ಎಂದರೆ ಒಲ್ಲೆ ಎನ್ನುವವರ ಪರವಾಗಿ ಮನೆಯವರು ಬಂದು ಇದ್ದಬದ್ದ ನೋವನ್ನೆಲ್ಲ ವರದಿ ಒಪ್ಪಿಸಿ ಗುಳಿಗೆ ಒಯ್ಯುತ್ತಾರೆ. ನೋಡದೆ ಔಷಧ ಕೊಡಬಾರದು ಎಂದು ಪುಸ್ತಕ ಹೇಳುತ್ತದೆ. ಕೊಡದಿದ್ದರೆ ಆ ರೋಗಿಗೆ ಯಾವ ಔಷಧವೂ ಸಿಗುವುದಿಲ್ಲ ಎಂಬುದು ನಮಗೆ ಗೊತ್ತು. ಹಾಗಾಗಿ ಕೊಡುತ್ತೇವೆ.

ಇನ್ನು ಗುರುನಾಥನ ವಿಷಯ. ಅವನೂ ನಾನೂ ಒಟ್ಟಿಗೆ ಸರ್ಕಾರಿ ಕೆಲಸಕ್ಕೆ ಸೇರಿದವರು. ಮೊದಲ ಕೆಲವು ತಿಂಗಳು ಹಾವೇರಿಯಲ್ಲಿ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ನನ್ನನ್ನು ಇಲ್ಲಿಗೆ ಹಾಕಿದರು, ಅವನನ್ನು ರಾಣೆಬೆನ್ನೂರು ದಾಟಿ ದೇವರಗುಡ್ಡದ ಕಡೆಗೆ ಹೋಗುವಾಗ ಸಿಗುವ ಒಂದು ಊರಿಗೆ. ಅವನ ಅಪ್ಪ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅವರ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೇನೆ. ಅವನ ಅವ್ವ ಬಲವಂತ ಮಾಡಿ ಬಡಿಸುವ ಹೆಂಗಸು. ಗುರುನಾಥ ಭಾರಿ ಮಾತುಗಾರ. ಸಂಜೆ ಫೋನ್ ಮಾಡಿದರೆ ಆ ದಿನದ ರೋಗಿಗಳ ಮಾತುಗಳನ್ನೆಲ್ಲ ಅವರವರ ದನಿಯಲ್ಲೇ ಹೇಳಿ ನಗಿಸಿ ಇಡುತ್ತಿದ್ದ.

ಆ ಚಳಿಗಾಲದಲ್ಲಿ ಅವನ ಕೇಂದ್ರದಲ್ಲಿ ಹೆರಿಗೆಯಾದ ಒಬ್ಬ ಹೆಣ್ಣುಮಗಳು ರಕ್ತಸ್ರಾವ ನಿಲ್ಲದೆ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು. ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದ; ಆಂಬುಲೆನ್ಸ್‌ನಲ್ಲಿ ಅವಳ ಜೊತೆಗೇ ಕೂತು ಹೋಗಿದ್ದ. ಬಾಣಂತಿ ಸತ್ತರೆ ವಿಚಾರಣೆ ನಡೆಯುತ್ತದೆ, ನಡೆಯಲೇಬೇಕು. ಹಾವೇರಿಯಲ್ಲಿ ಸಭೆ ಸೇರಿತು. ಜಿಲ್ಲೆಯ ನಮ್ಮಂಥವರೆಲ್ಲ ಕೂತಿದ್ದಾಗ ಅವನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ ಒಂದೊಂದೇ ಪ್ರಶ್ನೆ ಕೇಳಿದರು. ಯಾಕೆ ಮೊದಲೇ ಕಳಿಸಲಿಲ್ಲ, ಯಾಕೆ ಇನ್ನಷ್ಟು ಲಗೂ ತಿಳಿಯಲಿಲ್ಲ ಎಂದು. ಅವನು ಎಲ್ಲದಕ್ಕೂ ಶಾಂತವಾಗಿ ಉತ್ತರ ಕೊಟ್ಟ. ನಾನು ಅವನ ಹಿಂದಿನ ಸಾಲಿನಲ್ಲೇ ಕೂತಿದ್ದೆ. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವನ ಎರಡೂ ಕೈ ನನಗೆ ಕಾಣುತ್ತಿದ್ದವು. ಮುಷ್ಟಿ ಬಿಗಿಹಿಡಿದಿದ್ದ, ಹೆಬ್ಬೆರಳುಗಳು ಮುಷ್ಟಿಯ ಒಳಗಿದ್ದವು. ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ಏನಾದರೂ ಮಾತಾಡಬೇಕೆಂದು ನೋಡಿದೆ. ಎಲ್ಲಾ ಬರೋಬ್ಬರಿ ಐತಿ ಎಂದು ಹೇಳಿ ಬಸ್ಸು ಹತ್ತಿ ಹೋದ. ಆಮೇಲೆ ಅವನ ಫೋನ್ ಬರಲಿಲ್ಲ. ನನಗೂ ಮಾಡಲು ಪುರುಸೊತ್ತಾಗಲಿಲ್ಲ. ಸುಗ್ಗಿಯ ಕೆಮ್ಮು ಶುರುವಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೇ ಆ ದಿನ ಬಂದದ್ದು. ಬ್ಯಾಡಗಿ ಮಾರುಕಟ್ಟೆಯ ದಿನವಾಗಿತ್ತು. ಬೆಳಗಿನಿಂದ ಚೀಲ ಹೇರಿಕೊಂಡ ಗಾಡಿಗಳು ನಮ್ಮ ಗೇಟಿನ ಮುಂದೆ ಒಂದರ ಹಿಂದೊಂದು ಹೋಗುತ್ತಿದ್ದವು. ಓಪಿಡಿ ತುಂಬಿತ್ತು. ಹೊತ್ತು ಏರಿದ ಮೇಲೆ ಒಬ್ಬಳು ಬಂದು ಎದುರಿಗಿನ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟಳು. ಕೈತುಂಬ ಹಸಿರು ಬಳೆ. ವಯಸ್ಸು ಚಿಕ್ಕದೇ ಇರಬೇಕು, ಕೈ ಎಳೆಯದಾಗಿತ್ತು.

"ಮಗನ ಸಲುವಾಗಿ ಬಂದೇನ್ರಿ" ಎಂದಳು.

ನಾನು ಅವಳಿಗಿಂತ ಮೊದಲು ಬಂದವರ ಚೀಟಿ ಬರೆದು ಮುಗಿಸುತ್ತಲೇ ಏನಾಗಿದೆ ಎಂದು ಕೇಳಿದೆ. ನಿದ್ದೆ ಮಾಡುವುದಿಲ್ಲ, ಉಣ್ಣುವುದಿಲ್ಲ, ಮಾತು ಬಿಟ್ಟಿದ್ದಾನೆ, ಮೊದಲು ಎಲ್ಲರನ್ನೂ ನಗಿಸುತ್ತಿದ್ದ ಎಂದಳು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಇನ್ನೂ ಸಣ್ಣವನಿದ್ದಾನೆ ಎಂದಳು. ಯಾವಾಗಿನಿಂದ ಹೀಗೆ ಎಂದೆ.

"ಎಲ್ಲಾರ ಮುಂದ ಎಬ್ಬಿಸಿ ನಿಂದ್ರಿಸಿ ಬೈದಾರ್ರಿ ಅವಂಗ. ಅವತ್ತಿನಿಂದ ಹಿಂಗ ಅದಾನ."

ಯಾರೋ ಮಾಸ್ತರರು ಹುಡುಗನನ್ನು ತರಗತಿಯಲ್ಲಿ ನಿಲ್ಲಿಸಿರಬೇಕು ಎಂದುಕೊಂಡೆ. ಪರೀಕ್ಷೆ ಹತ್ತಿರ ಬಂದಾಗ ಇಂಥ ಮಕ್ಕಳು ಬರುತ್ತಾರೆ. ಜಂತುಹುಳದ ಗುಳಿಗೆ, ಹಸಿವಿಗೆ ಒಂದು ಟಾನಿಕ್ ಎಂದು ಬರೆಯತೊಡಗಿದೆ. ಅವಳು ಹೇಳುತ್ತಲೇ ಇದ್ದಳು. ಈಗೀಗ ತನ್ನ ಸಾಮಾನನ್ನೆಲ್ಲ ಒಂದೊಂದಾಗಿ ಮಂದಿಗೆ ಕೊಡುತ್ತಿದ್ದಾನೆ, ಯಾಕೆ ಕೊಡುತ್ತಿದ್ದಾನೋ ನೋಡಿರಿ ಎಂದಳು. ನನಗೆ ನಗು ಬಂತು. ಗೋಲಿ, ಪೆನ್ಸಿಲ್ಲು ಹಂಚುವ ಹುಡುಗ ಕಣ್ಣ ಮುಂದೆ ಬಂದ. ಒಳ್ಳೆಯ ಗುಣವೇ ಅಲ್ಲವೇ, ಬೈಯಬೇಡಿ ಎಂದೆ. ಧಾರವಾಡದ ತರಬೇತಿಯಲ್ಲಿ, ಅವಳು ಹೇಳಿದ ಈ ಲಕ್ಷಣದ ಬಗ್ಗೆಯೇ ನಮ್ಮನ್ನು ಎಚ್ಚರಿಸಿದ್ದರು. ಮಾತು ಬಿಟ್ಟ ಮನುಷ್ಯ ತನ್ನ ವಸ್ತುಗಳನ್ನು ಸುಮ್ಮಸುಮ್ಮನೆ ಪರರಿಗೆ ಕೊಡತೊಡಗಿದರೆ ಅವನನ್ನು ಒಬ್ಬನೇ ಬಿಡಬೇಡಿ ಎಂದು. ಅದು ದೊಡ್ಡವರ ಮಾತು. ಸಣ್ಣ ಹುಡುಗನಿಗೆ ಅದನ್ನು ಹಚ್ಚಿ ನೋಡುವುದು ನನಗೆ ಹೊಳೆಯಲಿಲ್ಲ.

ಆಗ ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. ಬಳೆ ಮೇಜಿಗೆ ತಾಗಿ ಸದ್ದಾಯಿತು.

"ಅಂಜಿಕಿ ಆದ್ರ ಹೆಬ್ಬಟ್ಟು ಮುಷ್ಟಿಯೊಳಗ ಹಾಕ್ಕೊಂತಾನ್ರಿ ಅವ. ನಾ ಮುಷ್ಟಿ ಬಿಚ್ಚಿ ಹೆಬ್ಬಟ್ಟಿಗೆ ಉಫ್ ಅಂತ ಊದಿದ್ರ ಸುಮ್ಮನಾಗತಿದ್ದ. ಈಗ ನಾ ಅವನ ಸನೇಕ ಇಲ್ಲಲ್ರಿ."

ದುಡಿಯಲು ಬೇರೆ ಊರಿಗೆ ಹೋದವಳಿರಬೇಕು, ಮಗನನ್ನು ಯಾರ ಬಳಿಯೋ ಬಿಟ್ಟಿರಬೇಕು ಎಂದುಕೊಂಡೆ. ಚೀಟಿಯನ್ನು ಅವಳ ಕಡೆ ಸರಿಸುವಾಗ ಅವಳ ಉಗುರುಗಳು ಕಂಡವು. ಅಷ್ಟು ಬಿಳಿ ಉಗುರನ್ನು ನಾನು ಬದುಕಿದ್ದವರ ಕೈಯಲ್ಲಿ ನೋಡಿರಲಿಲ್ಲ. ನಿಮಗೇ ರಕ್ತ ಕಡಿಮೆ ಇದೆ, ಮೊದಲು ನೀವು ರಕ್ತದ ಗುಳಿಗೆ ತೆಗೆದುಕೊಳ್ಳಬೇಕು ಎಂದು ಅದನ್ನೂ ಬರೆದೆ. ಈಗ್ಯಾಕ್ರಿ ನನಗ, ಎಂದಳು. ದನಿಯಲ್ಲಿ ಸಣ್ಣ ನಗು ಇದ್ದಂತಿತ್ತು. ಆಮೇಲೆ ನಗು ಹೋಯಿತು.

"ನೀವು ಒಮ್ಮಿ ಹೋಗಿ ನೋಡ್ರಿ ಅವನ್ನ. ಇವತ್ತ ಹೋಗ್ರಿ. ನಾಳಿಗೆ ಅಂದ್ರ ಆಗೂದಿಲ್ಲ."

ನನಗೆ ಸಿಟ್ಟು ಬಂತು. ಹೊರಗೆ ಮುದುಕರು ನಿಂತು ನಿಂತು ಗೋಡೆ ಹಿಡಿದಿದ್ದರು. ಮನೆಗೆ ಬರಲು ಆಗುವುದಿಲ್ಲ, ಮಗನನ್ನೇ ಕರೆದುಕೊಂಡು ಬನ್ನಿ ಎಂದೆ. ಅವನು ಬರುವುದಿಲ್ಲ, ನೀವೇ ಹೋಗಬೇಕು ಎಂದು ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಕೆಮ್ಮುತ್ತಿದ್ದ ಒಬ್ಬ ಅಜ್ಜ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ. ಅವಳು ಎದ್ದು ಹೋದದ್ದನ್ನು ನಾನು ಗಮನಿಸಲಿಲ್ಲ. ಚೀಟಿ ಮೇಜಿನ ಮೇಲೆಯೇ ಇತ್ತು. ಮರೆತು ಹೋಗಿದ್ದಾಳೆ, ತಿರುಗಿ ಬರುತ್ತಾಳೆ ಎಂದು ಪಕ್ಕಕ್ಕೆ ಇಟ್ಟೆ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನಲು ಕೂತೆ. ರೊಟ್ಟಿ ಮುರಿಯುತ್ತಿದ್ದ ನನ್ನ ಕೈಯನ್ನು ನೋಡುತ್ತಿರುವಾಗಲೇ ಹಾವೇರಿಯ ಸಭೆ ನೆನಪಿಗೆ ಬಂತು. ಬೆನ್ನ ಹಿಂದಿನ ಆ ಎರಡು ಮುಷ್ಟಿ. ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಬೈದದ್ದು. ಎಲ್ಲರನ್ನೂ ನಗಿಸುತ್ತಿದ್ದವನು ಮಾತು ಬಿಟ್ಟದ್ದು. ಆಗಲೂ ನನಗೆ ಬೇರೇನೂ ಅನ್ನಿಸಲಿಲ್ಲ ಎಂದು ಆಣೆ ಮಾಡಿ ಹೇಳುತ್ತೇನೆ. ಯಾರದೋ ಮಗನಿಗೂ ಗುರುನಾಥನಿಗೂ ಒಂದೇ ಅಭ್ಯಾಸವಿದೆ, ಪಾಪ ಅವನಿಗೆ ಫೋನ್ ಮಾಡಿ ಎಷ್ಟು ದಿನವಾಯಿತು ಎಂದಷ್ಟೇ ಅನ್ನಿಸಿತು. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವನ ಕೇಂದ್ರದ ಸಿಸ್ಟರ್‌ಗೆ ಮಾಡಿದೆ. ಸಾಹೇಬರು ಇವತ್ತು ರಜೆಯಲ್ಲಿದ್ದಾರೆ, ಕ್ವಾರ್ಟರ್ಸಿನಲ್ಲೇ ಇರಬೇಕು ಎಂದಳು ಆಕೆ. ಆಮೇಲೆ ಮಾತಿಗೆ ಮಾತು ಸೇರಿಸಿ, ಸಾಹೇಬರಿಗೆ ವರ್ಗ ಆಗಿದೆಯೇನು ಎಂದು ನನ್ನನ್ನೇ ಕೇಳಿದಳು. ಯಾಕೆ ಎಂದೆ.

"ಅಲ್ರಿ, ಗ್ಯಾಸಿನ ಒಲಿ ನಮ್ಮ ಆಯಾಗ ಕೊಟ್ರು. ಪುಸ್ತಕ ಯಾರಿಗೋ ಕೊಟ್ರು. ಮೊನ್ನಿ ತಮ್ಮ ಸೈಕಲ್ಲೂ ಕೊಟ್ರು. ಎಲ್ಲಾ ಖಾಲಿ ಮಾಡಾಕತ್ತಾರ್ರಿ."

ತುತ್ತು ಕೈಯಲ್ಲೇ ಉಳಿಯಿತು. ಅವರ ಬಾಗಿಲ ಹತ್ತಿರ ಹೋಗಿ ಕೂತಿರಿ, ನಾನು ಬರುವ ತನಕ ಏಳಬೇಡಿ ಎಂದು ಆಕೆಗೆ ಹೇಳಿ ಬೈಕು ತೆಗೆದೆ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಮುಂದಿನ ಆಟೋಗಳ ನಡುವೆ ಹೇಗೆ ನುಗ್ಗಿದೆನೋ, ದೇವರಗುಡ್ಡದ ರಸ್ತೆಗೆ ಹೇಗೆ ಬಿದ್ದೆನೋ, ಏನೂ ನೆನಪಿಲ್ಲ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಸಿಸ್ಟರ್ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಕರೆದರೆ ಮಲಗಿದ್ದೇನೆ ಎನ್ನುತ್ತಾರೆ, ಬಾಗಿಲು ತೆಗೆಯುವುದಿಲ್ಲ ಎಂದಳು. ನಾನು ಹೆಸರು ಹಿಡಿದು ಕೂಗಿದೆ. ಬಹಳ ಹೊತ್ತಾದ ಮೇಲೆ ಚಿಲಕ ತೆಗೆದ ಸದ್ದಾಯಿತು. ಒಳಗೆ ಮನೆ ಬಣಗುಡುತ್ತಿತ್ತು. ಒಂದು ಮಂಚ, ಒಂದು ಮೇಜು. ಮೇಜಿನ ಮೇಲೆ ಏನಿತ್ತು ಎಂಬುದನ್ನು ಬರೆಯುವುದಿಲ್ಲ. ವೈದ್ಯನಾದವನಿಗೆ ಅದು ಸುಲಭವಾಗಿ ಕೈಗೆ ಸಿಗುತ್ತದೆ, ಅಷ್ಟು ಹೇಳಿದರೆ ಸಾಕು. ಗುರುನಾಥ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹೋಗಿ ಮಂಚದ ತುದಿಯಲ್ಲಿ ಕೂತ. ಕೈಗಳು ತೊಡೆಯ ಮೇಲಿದ್ದವು. ಮುಷ್ಟಿ ಮುಚ್ಚಿತ್ತು, ಹೆಬ್ಬೆರಳು ಒಳಗೆ.

ತರಬೇತಿಯಲ್ಲಿ ಕಲಿಸಿದ ಪ್ರಶ್ನೆ ಒಂದಿದೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಸುತ್ತುಬಳಸು ಇಲ್ಲದೆ ಕೇಳಬೇಕು, ಕೇಳಿದ್ದರಿಂದ ಕೆಡುಕಾಗುವುದಿಲ್ಲ ಎಂದು ಹೇಳಿಕೊಟ್ಟಿದ್ದರು. ಎಷ್ಟೋ ರೋಗಿಗಳಿಗೆ ಕೇಳಿದ್ದೇನೆ. ಗೆಳೆಯನ ಎದುರು ಕೂತಾಗ ಅದನ್ನು ಕೇಳಲು ಆಗಲಿಲ್ಲ. ಏನು ಮಾಡಬೇಕೋ ತಿಳಿಯದೆ ಅವನ ಬಲಗೈ ಹಿಡಿದೆ. ಮುಷ್ಟಿ ಬಿಚ್ಚಿದೆ. ಬಿಚ್ಚಿದ ಮೇಲೆ ಮುಂದೇನು ಎಂದು ಹೊಳೆಯದೆ, ಬೆಳಿಗ್ಗೆ ಕೇಳಿದ್ದು ಕಿವಿಯಲ್ಲಿ ಇದ್ದುದರಿಂದ, ಅವನ ಹೆಬ್ಬೆರಳಿಗೆ ಉಫ್ ಎಂದು ಊದಿದೆ. ದೊಡ್ಡ ದೊಡ್ಡ ಇಬ್ಬರು ಗಂಡಸರು. ಬೇರೆ ಸಮಯದಲ್ಲಾಗಿದ್ದರೆ ನಗುತ್ತಿದ್ದೆವು.

ಅವನು ಕೈ ಕಸಿದುಕೊಂಡು ನನ್ನನ್ನು ನೋಡಿದ. ಆ ನೋಟವನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ಆಮೇಲೆ ಅಳತೊಡಗಿದ. ತುಂಬ ಹೊತ್ತು ಅತ್ತ. ಅಳು ನಿಂತ ಮೇಲೆ ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿದೆ, ಅವನು ಹೌದು ಎಂದು ತಲೆಯಾಡಿಸಿದ. ತಾನು ಹೋದ ಮೇಲೆ ಸಾಮಾನು ಸಾಗಿಸುವ ತ್ರಾಸು ಯಾರಿಗೂ ಆಗಬಾರದು ಎಂದು ಎಲ್ಲ ಕೊಟ್ಟುಬಿಟ್ಟನಂತೆ. ಅಷ್ಟು ಹೇಳಿ ನೀರು ಕುಡಿದು ಕೇಳಿದ.

"ನಿಂಗ ಯಾರ್ ಹೇಳಿದ್ರಲೇ, ಊದಬೇಕಂತ?"

ಬೆಳಿಗ್ಗೆ ಓಪಿಡಿಗೆ ಒಬ್ಬಳು ಬಂದಿದ್ದಳು, ಅವಳ ಮಗನಿಗೂ ಇದೇ ಅಭ್ಯಾಸವಂತೆ ಎಂದೆ. ಹಾವೇರಿಗೆ ಹೋಗಿ ಮನೋವೈದ್ಯರನ್ನು ಕಾಣೋಣ ಎಂದರೆ ಅವನು ಒಪ್ಪಲಿಲ್ಲ. ಅಲ್ಲಿ ಎಲ್ಲರಿಗೂ ತನ್ನ ಗುರುತಿದೆ, ಡಾಕ್ಟರಿಗೇ ತಲೆ ಕೆಟ್ಟಿತಂತೆ ಎಂದು ನಾಳೆ ಮಂದಿ ಮಾತಾಡುತ್ತಾರೆ ಎಂದ. ರೋಗಿಗಳಿಗೆ ಇದರಲ್ಲಿ ನಾಚಿಕೆ ಪಡುವುದೇನಿದೆ ಎಂದು ದಿನವೂ ಹೇಳುವವರು ನಾವು. ಒಂದು ಕಾರು ಮಾಡಿಕೊಂಡು, ಯಾರೂ ಗುರುತಿಲ್ಲದ ದಾವಣಗೆರೆಗೆ ಕರೆದುಕೊಂಡು ಹೋದೆ. ಅಲ್ಲಿನ ಆಸ್ಪತ್ರೆಯಲ್ಲಿ ಅವನನ್ನು ಒಳರೋಗಿಯಾಗಿ ಸೇರಿಸಿಕೊಂಡರು.

ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅವನೇ ಮಾತು ತೆಗೆದ. ಆ ಹೆಂಗಸು ಹೇಳಿದ್ದನ್ನು ಒಂದೂ ಬಿಡದೆ ಹೇಳು ಎಂದ. ಹೇಳಿದೆ. ಮುಗಿಯುವ ತನಕ ಗೋಡೆ ನೋಡುತ್ತ ಕೂತಿದ್ದ. ಆಮೇಲೆ, ಅಷ್ಟು ವರ್ಷದ ಗೆಳೆತನದಲ್ಲಿ ನನಗೆ ಹೇಳಿರದ ಒಂದು ಸಂಗತಿ ಹೇಳಿದ. ನಾನು ಯಾರ ಕೈಯಲ್ಲಿ ಉಂಡಿದ್ದೆನೋ ಅವಳು ಅವನನ್ನು ಹೆತ್ತವಳಲ್ಲ, ಸಾಕಿದವಳು. ಹೆತ್ತವಳು ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ, ಹಳ್ಳಿಯಿಂದ ರಾಣೆಬೆನ್ನೂರಿಗೆ ತರುವಾಗ ದಾರಿಯಲ್ಲೇ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಅಪ್ಪ ಮತ್ತೆ ಮದುವೆಯಾದಾಗ, ಮಗ ಹೊಸ ತಾಯಿಗೆ ಹೊಂದಿಕೊಳ್ಳಲಿ ಎಂದು ಹಳೆಯವಳ ಫೋಟೋಗಳನ್ನೆಲ್ಲ ತೆಗೆಸಿಬಿಟ್ಟ. ಮಗ ಹೊಂದಿಕೊಂಡ. ಅವಳೂ ಯಾವತ್ತೂ ಭೇದ ಮಾಡಲಿಲ್ಲ.

"ನಮ್ಮವ್ವನ ಮಾರಿ ನಂಗ ನೆನಪಿಲ್ಲ. ಒಂದ ನೆನಪು. ಯಾರೋ ಮುಷ್ಟಿ ಬಿಚ್ಚಿ ಹೆಬ್ಬಟ್ಟಿಗೆ ಊದ್ತಿದ್ರು. ಅದನ್ನ ನಾ ಯಾರಿಗೂ ಹೇಳಿಲ್ಲಲೇ. ಹೆಂಡ್ತಿ ಬಂದ್ರ ಆಕಿಗೆ ಹೇಳಬೇಕಂತ ಇಟ್ಕೊಂಡಿದ್ದೆ."

ಆದರೂ ನಾನು ಸುಮ್ಮನೆ ಒಪ್ಪುವವನಲ್ಲ. ಊರಿಗೆ ಬಂದ ಮೇಲೆ ಕೇಳಬೇಕಾದವರನ್ನೆಲ್ಲ ಕೇಳಿದೆ. ನಮ್ಮ ಕೇಂದ್ರದ ಶಾರದಾ ಸಿಸ್ಟರ್, ಬಂದಿರಬೇಕು, ಆ ಗದ್ದಲದಲ್ಲಿ ಯಾರನ್ನೆಂದು ನೆನಪಿಡುವುದು ಎಂದಳು. ಗುರುನಾಥನ ಕಡೆಯ ಯಾರಾದರೂ ಅತ್ತೆಯೋ ಚಿಕ್ಕಮ್ಮನೋ ಗುಟ್ಟಾಗಿ ಬಂದಿದ್ದರೇ ಎಂದು ವಿಚಾರಿಸಿದೆ. ಹಾಗೆ ಯಾರೂ ಸಿಗಲಿಲ್ಲ. ದಾವಣಗೆರೆಯ ಮನೋವೈದ್ಯರಿಗೂ ಹೇಳಿದೆ. ಅವರು ನಗಲಿಲ್ಲ, ಅದು ದೊಡ್ಡ ಮಾತು. ಗೆಳೆಯನ ಮುಷ್ಟಿಯನ್ನು ನೀನು ನೋಡಿದ್ದೆ, ಅವನ ಚಿಂತೆ ನಿನ್ನೊಳಗೆ ಕೂತಿತ್ತು, ಯಾರೋ ಒಬ್ಬ ತಾಯಿ ತನ್ನ ಮಗನ ಬಗ್ಗೆ ಹೇಳಿದ್ದಕ್ಕೆ ನಿನ್ನ ಮನಸ್ಸು ಉಳಿದದ್ದನ್ನು ಜೋಡಿಸಿಕೊಂಡಿತು ಎಂದರು. ಆಮೇಲೆ ನನ್ನ ನಿದ್ದೆಯ ಬಗ್ಗೆ ಕೇಳಿದರು. ಅವರು ಹೇಳಿದ್ದು ಸರಿಯಿರಬಹುದು. ಊದುವ ಮಾತನ್ನು ಮನಸ್ಸು ಎಲ್ಲಿಂದ ಜೋಡಿಸಿತು ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹೊರಗೆ ಅವರ ರೋಗಿಗಳ ಸಾಲು ಬೆಳೆದಿತ್ತು.

ಗುರುನಾಥ ಉಳಿದ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಿಲ್ಲ. ಗುಳಿಗೆ ತೆಗೆದುಕೊಳ್ಳುತ್ತಾನೆ. ಹೆರಿಗೆ ಕೋಣೆಯ ಕೆಲಸ ಬೇಡವೆಂದು ಬರೆದುಕೊಟ್ಟು ಈಗ ಹಾವೇರಿಯ ಕಚೇರಿಯೊಂದರಲ್ಲಿ ಮೇಜಿನ ಕೆಲಸ ಮಾಡುತ್ತಾನೆ. ಯಾರ ದನಿಯನ್ನೂ ಅನುಕರಿಸಿ ತೋರಿಸುವುದಿಲ್ಲ. ಕೆಲವು ದಿನ ಸಂಜೆ ಫೋನ್ ಮಾಡಿ ಏನೂ ಮಾತಾಡದೆ ಸುಮ್ಮನಿರುತ್ತಾನೆ. ನಾನೂ ಸುಮ್ಮನಿರುತ್ತೇನೆ. ಫೋನ್ ಬರುವುದು ತಡವಾದ ದಿನ ನನಗೆ ಊಟ ಸೇರುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಆಕಿ ನೋಡಾಕ ಹೆಂಗಿದ್ಲು ಎಂಬುದು. ನಾನು ಕಾಯುತ್ತಿದ್ದ ಪ್ರಶ್ನೆಯೇ ಅದು, ಹೆದರಿ ಕಾಯುತ್ತಿದ್ದ ಪ್ರಶ್ನೆ. ಯಾಕೆಂದರೆ ನಾನು ಅವಳ ಮುಖ ನೋಡಿರಲಿಲ್ಲ. ಬರೆಯುತ್ತಿದ್ದೆ. ರಕ್ತ ಕಡಿಮೆ ಎಂದು ಅನುಮಾನ ಬಂದರೆ ನಾವು ಮೊದಲು ಮಾಡುವುದು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುವುದು. ಆ ಒಂದು ಕ್ಷಣ ಮುಖ ಮುಖದ ಎದುರು ಇರುತ್ತದೆ. ಅವತ್ತು ಸಾಲು ಉದ್ದವಿತ್ತು, ಉಗುರು ನೋಡಿ ಬರೆದುಬಿಟ್ಟೆ. ಬದುಕಿರುವವರಲ್ಲಿ ಅವನ ಪಾಲಿಗೆ ಅವಳ ಮುಖ ಹೇಳಬಲ್ಲವನು ಅಪ್ಪನನ್ನು ಬಿಟ್ಟರೆ ನಾನೊಬ್ಬನೇ ಆಗಿದ್ದೆ, ಅಪ್ಪನೋ ಆ ಮಾತು ಬಂದರೆ ಎದ್ದು ಹೊರಗೆ ಹೋಗುವ ಮನುಷ್ಯ. ಮಾರಿ ನೋಡಲಿಲ್ಲೋ ಗುರು, ಕೈ ಅಷ್ಟ ನೋಡೇನಿ ಎಂದೆ. ಅವನ ಮುಖ ಇಳಿದುಹೋಯಿತು. ಅದನ್ನು ನೋಡಲಾರದೆ ನಾನೊಂದು ಸುಳ್ಳು ಹೇಳಿದೆ.

ಎಡಗೈ ಮೇಲೆ ಒಂದು ಹಚ್ಚೆ ಇತ್ತು ಎಂದೆ. ಏನು ಹಚ್ಚೆ ಎಂದು ಕೇಳಿದ. ನನ್ನ ಅಜ್ಜಿಯ ಕೈಮೇಲೆ ಗಿಳಿಯ ಹಚ್ಚೆ ಇತ್ತು, ಅದೇ ಬಾಯಿಗೆ ಬಂತು. ಗಿಳಿ ಎಂದೆ. ಬರೀ ಗಿಳಿ ಎಂದರೆ ಯಾರ ಕೈಮೇಲಾದರೂ ಇರುತ್ತದೆ, ಅವನು ನಂಬಲಿಕ್ಕಿಲ್ಲ ಎನ್ನಿಸಿ, ಬಾಲ ಇರಲಿಲ್ಲ, ಅರ್ಧಕ್ಕೇ ಬಿಟ್ಟ ಹಾಗಿತ್ತು ಎಂದು ಸೇರಿಸಿದೆ. ಅಜ್ಜಿಯ ಗಿಳಿಗೆ ಬಾಲ ಇತ್ತು.

ಕೆಲವು ವಾರಗಳ ನಂತರ ಅವನು ರಾಣೆಬೆನ್ನೂರಿನ ಮನೆಗೆ ಹೋಗಿದ್ದ. ಅಲ್ಲಿಂದಲೇ ಫೋನ್ ಮಾಡಿದ. ನಾನು ಹೇಳಿದ ಯಾವ ಮಾತನ್ನೂ ಅಪ್ಪನಿಗೆ ಹೇಳದೆ, ಹೆತ್ತ ಅವ್ವನ ಕೈಮೇಲೆ ಹಚ್ಚೆ ಇತ್ತೇ ಎಂದಷ್ಟೇ ಕೇಳಿದನಂತೆ. ಅಪ್ಪ ಅವತ್ತು ಎದ್ದು ಹೋಗಲಿಲ್ಲವಂತೆ.

"ಗಿಳಿ ಇತ್ತಂತಲೇ. ನೋವು ತಾಳಲಾರದ ನಡುವ ಕೈ ಜಗ್ಗಿಕೊಂಡ್ಲಂತ. ಬಾಲ ಬಿಡಿಸೋದು ಹಂಗ ಉಳೀತಂತ. ಅಪ್ಪ ಅದನ್ನ ಹೇಳಿ ನಕ್ಕ, ಆಮ್ಯಾಲ ಅತ್ತ."

ಗುರುನಾಥನ ದನಿಯಲ್ಲಿ ಬಹಳ ದಿನದ ಮೇಲೆ ಜೀವ ಇತ್ತು. ನೀ ಬರೋಬ್ಬರಿ ನೋಡೀಯಲೇ ಎಂದ. ನಾನು ಹೂಂ ಎಂದೆ. ಅವನಿಗೆ ನಿಜ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ, ಹೇಳಿದರೆ ಏನಾಗುತ್ತದೋ ಎಂಬ ಹೆದರಿಕೆಯೂ ಇದೆ. ಆದರೆ ನಿಮಗೆ ಹೇಳುತ್ತಿದ್ದೇನೆ. ಆ ಎರಡು ಕೈಯನ್ನು ನಾನು ಎಷ್ಟು ಸಲ ನೆನಪಿಸಿಕೊಂಡರೂ ಕಾಣುವುದು ಹಸಿರು ಬಳೆ ಮತ್ತು ಬಿಳಿ ಉಗುರು, ಅಷ್ಟೇ. ಅಲ್ಲಿ ಗಿಳಿ ಇರಲಿಲ್ಲ. ಅದನ್ನು ನಾನೇ ಹುಟ್ಟಿಸಿ ಹೇಳಿದ್ದು.